ಉಪಕಾರದ ಹೊಣೆ

ಅಪಕಾರ ಮಾಡಿದವನ ಹೊಣೆಯನ್ನು ಕುರಿತು ನಮ್ಮ ಶಾಸ್ತ್ರಗಳೂ ನ್ಯಾಯಾಲಯಗಳೂ ಬೇಕಾದಷ್ಟು ಚರ್ಚೆ ಮಾಡಿವೆ. ಉಪಕಾರ ಮಾಡಿದವನ ಹೊಣೆಯನ್ನು ಕುರಿತು ಅಷ್ಟಾಗಿ ಮಾತು ಕೇಳಿಬರುವುದಿಲ್ಲ. ಕೆಟ್ಟದ್ದನ್ನು ಮಾಡಿದವನನ್ನು ಹಿಡಿದು ನಿಲ್ಲಿಸಿ ಕೇಳುತ್ತೇವೆ. ಒಳ್ಳೆಯದನ್ನು ಮಾಡಿದವನಿಗಾದರೋ ಒಂದು ಹಾರ ಹಾಕಿ, ಎರಡು ಮಾತು ಹೊಗಳಿ, ಕಳುಹಿಸಿಕೊಟ್ಟುಬಿಡುತ್ತೇವೆ. ಹಾರ ಬಾಡಿದ ಮೇಲೆ ಅವನು ಮಾಡಿದ ಉಪಕಾರ ಏನಾಯಿತೆಂದು ವಿಚಾರಿಸುವುದು ಸಭ್ಯತೆಯಲ್ಲವೆಂದು ನಮ್ಮೆಲ್ಲರ ಎಣಿಕೆ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದವನನ್ನು ನಮ್ಮ ಗಾದೆ ಹಾಸ್ಯ ಮಾಡುತ್ತದೆ. ಪಡೆದವನಿಗೆ ಆ ಬುದ್ಧಿವಾದ ಸರಿಯೇ. ಆದರೆ ಕೊಡುವವನು ಕೊಡುವ ಮೊದಲು ಹಲ್ಲು ನೋಡಬೇಕು, ಕೊಟ್ಟ ಮೇಲೂ ಅದು ಹಾಲು ಕರೆಯುತ್ತಿದೆಯೇ ಇಲ್ಲ ಹಾಯುತ್ತಿದೆಯೇ ಎಂದು ಬಂದು ಕೇಳಬೇಕು ಎನ್ನುವ ಗಾದೆ ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ.

ಈ ಯೋಚನೆ ನನಗೆ ಬಂದದ್ದು ನೀರಿನ ವಿಷಯವನ್ನು ಓದುತ್ತಿದ್ದಾಗ. ಕೆಟ್ಟ ನೀರನ್ನೂ ಕೆಟ್ಟ ನೆಲವನ್ನೂ ಶುದ್ಧಮಾಡಲು ವಿಜ್ಞಾನಿಗಳು ಈಗ ನ್ಯಾನೊ ಪದಾರ್ಥಗಳನ್ನು ಬಳಸುತ್ತಿದ್ದಾರೆ. ನ್ಯಾನೊಮೀಟರ್ ಎಂದರೆ ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಇಂಥ ಅಳತೆ ಕೈಗೆ ಹತ್ತುವಂಥದಲ್ಲ. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರು ಬೆಲ್ಲದ ದೃಷ್ಟಾಂತ ಕೊಟ್ಟು ತಿಳಿಸಿದರು. ಬೆಲ್ಲದ ಅಚ್ಚನ್ನು ಹಾಗೆಯೇ ನೀರಿಗೆ ಹಾಕಿದರೆ ನಿಧಾನವಾಗಿ ಕರಗುತ್ತದೆ. ಕುಟ್ಟಿ ಹುಡಿಮಾಡಿ ಹಾಕಿದರೆ ಬೇಗ ಕರಗುತ್ತದೆ. ಹುಡಿಯಾದಷ್ಟೂ ಹೊರಮೈ ಹೆಚ್ಚು. ಹೊರಮೈ ಹೆಚ್ಚಾದಷ್ಟೂ ಕೆಲಸ ಚುರುಕು. ಒಂದು ಸೆಂಟಿಮೀಟರ್ ಉದ್ದಗಲ ಎತ್ತರಗಳ ಘನದ ಹೊರಮೈ ಕೇವಲ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 6,000 ಚದರ ಮೀಟರ್, ಎಂದರೆ ಸುಮಾರು ಒಂದೂವರೆ ಎಕರೆ. ಚಿಟಿಕೆಯಷ್ಟು ಕಬ್ಬಿಣಕ್ಕೆ ಒಂದೂವರೆ ಎಕರೆ ಮೈ ಬಂದರೆ ನೀರಿನಲ್ಲಿರುವ ವಿಷವನ್ನು ಅದು ಎಷ್ಟು ಹಿಡಿಯಬಹುದೆಂದು ಊಹಿಸಬಹುದು.

ಆ ವಿಷದ ಕಥೆಯನ್ನು ಮೊದಲು ಹೇಳಬೇಕು. ಬಂಗಾಳದ ಹಳ್ಳಿಗಳಲ್ಲಿ ಜನ ಕೆರೆ ಕುಂಟೆಗಳ ನೀರು ಕುಡಿದು ಕಾಲರಾ, ಅತಿಸಾರಗಳಿಗೆ ತುತ್ತಾಗುತ್ತಿದ್ದರು. 1970ರ ದಶಕದಲ್ಲಿ ಯುನಿಸೆಫ್ ಮೊದಲಾದ ಸಂಸ್ಥೆಗಳ ನೆರವಿನಿಂದ ಬಾಂಗ್ಲಾದೇಶದ ಉದ್ದಗಲಕ್ಕೂ ಕೊಳವೆ ಬಾವಿಗಳು ಬಂದವು. ಕೈಪಂಪು ಒತ್ತಿದರೆ ಕನ್ನಡಿಯಂಥ ನೀರು. ರೋಗಾಣು ಇಲ್ಲ, ವಾಸನೆ ಇಲ್ಲ. ಇದಕ್ಕಿಂತ ದೊಡ್ಡ ಪುಣ್ಯಕಾರ್ಯ ಯಾವುದು? ಆದರೆ ಆ ನೆಲದ ಆಳದ ಮೆಕ್ಕಲು ಮಣ್ಣಿನಲ್ಲಿ ಆರ್ಸೆನಿಕ್ ಇತ್ತು. ನಮ್ಮ ಹಿರಿಯರು ಪಾಷಾಣವೆಂದು ಕರೆದ ವಿಷ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ ಅಂಗಾಲುಗಳ ಚರ್ಮ ಗಂಟುಗಟ್ಟುತ್ತದೆ, ಮೈಮೇಲೆ ಕಪ್ಪು ಮಚ್ಚೆ ಏಳುತ್ತದೆ. ಕೆಲವರಿಗೆ ಕ್ಯಾನ್ಸರ್ ಆಗುತ್ತದೆ. ಪಶ್ಚಿಮ ಬಂಗಾಳದಲ್ಲಿ ಇದು ಪತ್ತೆಯಾದದ್ದು 1983ರಲ್ಲಿ, ಕಲಕತ್ತೆಯ ಚರ್ಮವೈದ್ಯ ಕೆ. ಸಿ. ಸಹಾ ಅವರಿಂದ. ಗಡಿಯಾಚೆಯ ಬಾವಿಗಳಲ್ಲಿ ಗೊತ್ತಾದದ್ದು ಅದಕ್ಕೂ ಹತ್ತು ವರ್ಷ ತಡವಾಗಿ, 1993ರಲ್ಲಿ. ಬಾಂಗ್ಲಾದೇಶದ ಹನ್ನೆರಡೂವರೆ ಕೋಟಿ ಜನರಲ್ಲಿ ಮೂರೂವರೆ ಕೋಟಿಯಿಂದ ಏಳು ಕೋಟಿ ಎಪ್ಪತ್ತು ಲಕ್ಷದವರೆಗೆ ಅಪಾಯಕ್ಕೆ ಒಳಗಾಗಿರಬಹುದೆಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಲೆಕ್ಕ ಪ್ರಕಟವಾಯಿತು. ಆಮೇಲೆ ಬಾವಿಗಳನ್ನು ಪರೀಕ್ಷಿಸಿ ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಣ್ಣ ಬಳಿದರು.

ಇಲ್ಲಿ ತಪ್ಪು ಯಾರದು? ವಿಷ ಭೂಮಿಯದು, ಯಾವ ಕಾರ್ಖಾನೆಯೂ ಅದನ್ನು ಸುರಿಯಲಿಲ್ಲ. ಬಾವಿ ತೋಡಿಸಿದವರು ಸಜ್ಜನರು. ಅವರ ಉದ್ದೇಶದಲ್ಲಿ ಕಳಂಕವಿಲ್ಲ. ಬ್ರಿಟನ್ನಿನ ಭೂವಿಜ್ಞಾನ ಸಂಸ್ಥೆ 1992ರಲ್ಲಿ ಅಲ್ಲಿಯ ಬಾವಿಗಳ ನೀರನ್ನು ಪರೀಕ್ಷಿಸಿತ್ತು. ಆದರೆ ಹುಡುಕಿದ ಪದಾರ್ಥಗಳ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಒಬ್ಬ ಹಳ್ಳಿಯವನು ಲಂಡನ್ನಿನವರೆಗೂ ಹೋಗಿ ಮೊಕದ್ದಮೆ ಹೂಡಿದ. ಅಲ್ಲಿಯ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು 2006ರಲ್ಲಿ ಅವನ ವಾದವನ್ನು ತಳ್ಳಿಹಾಕಿದರು. ಕುಡಿಯುವ ನೀರಿನ ಸರಬರಾಯಿ ಆ ಸಂಸ್ಥೆಯ ಕೈಯಲ್ಲಿರಲಿಲ್ಲ. ಆದ್ದರಿಂದ ಆ ಹಳ್ಳಿಯವನ ಬಗ್ಗೆ ಅದಕ್ಕೆ ಹೊಣೆಯೂ ಇರಲಿಲ್ಲ ಎಂಬುದು ತೀರ್ಪಿನ ಸಾರ. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೂ ಮನಸ್ಸು ಸಮಾಧಾನಗೊಳ್ಳುವುದಿಲ್ಲ. ಇಷ್ಟು ದೊಡ್ಡ ಅನಾಹುತಕ್ಕೆ ಹೊಣೆಗಾರನೇ ಇಲ್ಲವೆಂದರೆ ಹೊಣೆ ಎಂಬುದನ್ನು ನಾವು ಎಲ್ಲೋ ಸಣ್ಣದಾಗಿ ಕತ್ತರಿಸಿಕೊಂಡಿದ್ದೇವೆ ಎಂದಾಯಿತು.

ಈಗ ಆ ಪರಿಹಾರಕ್ಕೊಂದು ಪರಿಹಾರವಾಗಿ ನ್ಯಾನೊ ಕಣಗಳು ಬಂದಿವೆ. ಅವುಗಳನ್ನು ಬಳಸುವ ದಾರಿ ಎರಡು ಬಗೆಯದು. ಒಂದು, ಕಣಗಳನ್ನು ನೆಲದೊಳಕ್ಕೆ ಬಿಟ್ಟುಬಿಡುವುದು. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಟ್ರೆಂಟನ್ನಿನಲ್ಲಿ ಕೈಗಾರಿಕೆಯ ದ್ರಾವಕಗಳಿಂದ ಅಂತರ್ಜಲ ಕೆಟ್ಟಿತ್ತು. ಲೀಹೈ ವಿಶ್ವವಿದ್ಯಾನಿಲಯದವರು ಎರಡು ಕಿಲೋಗ್ರಾಮಿಗೂ ಕಡಿಮೆ ಕಬ್ಬಿಣದ ನ್ಯಾನೊ ಕಣಗಳನ್ನು ಅಲ್ಲಿಯ ನೆಲಕ್ಕೆ ಇಳಿಸಿದರು. ದ್ರಾವಕದ ಬಹುಭಾಗ ಒಡೆದುಹೋಯಿತೆಂದು 2001ರಲ್ಲಿ ವರದಿ ಮಾಡಿದರು. ಆ ಕಣಗಳು ಒಂದಕ್ಕೊಂದು ಅಂಟಿಕೊಂಡು ಹೆಚ್ಚು ದೂರ ಹೋಗದೆ ನಿಲ್ಲುತ್ತವೆ, ಕ್ರಮೇಣ ತುಕ್ಕಾಗುತ್ತವೆ. ಇದು ಒಂದು ರೀತಿಯಲ್ಲಿ ನೆಮ್ಮದಿಯ ವಿಷಯ. ಆದರೆ ದೂರ ಹೋಗದಿದ್ದರೆ ದೂರದ ಕೊಳೆ ಹೋಗುವುದಿಲ್ಲವಲ್ಲ! ಆದ್ದರಿಂದ ಕಣಗಳು ಇನ್ನಷ್ಟು ಸಂಚರಿಸಲೆಂದು ಅವುಗಳಿಗೆ ಲೇಪ ಕೊಡುವ ಪ್ರಯತ್ನ ನಡೆಯಿತು. ಹೆಚ್ಚು ಉಪಯೋಗಕ್ಕೆ ಬರಬೇಕಾದರೆ ಅವು ಕೈಮೀರಿ ಹೋಗಬೇಕು. ಕೈಮೀರಿ ಹೋದರೆ ಹಿಂದಕ್ಕೆ ಕರೆಯುವಂತಿಲ್ಲ. 2004ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಮತ್ತು ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್ ಕೂಡಿ ಹೊರತಂದ ವರದಿ ಈ ಗಂಟನ್ನೇ ಹಿಡಿಯಿತು: ಪ್ರಯೋಜನವು ಅಪಾಯಕ್ಕಿಂತ ಹೆಚ್ಚೆಂದು ಸಂಶೋಧನೆಯಿಂದ ತಿಳಿಯುವ ತನಕ ಬಿಡಿ ಕಣಗಳನ್ನು ಅಂತರ್ಜಲದ ಶುದ್ಧಿಗಾಗಿ ಪರಿಸರಕ್ಕೆ ಬಿಡಕೂಡದು ಎಂದು ಅದು ಸಲಹೆ ಮಾಡಿತು.

ಇದನ್ನು ಓದಿದಾಗ ನನಗೆ ಸೌಪ್ತಿಕ ಪರ್ವದ ಅಶ್ವತ್ಥಾಮ ನೆನಪಾದ. ಅವನು ಬಿಟ್ಟ ಅಸ್ತ್ರಕ್ಕೆ ಎದುರಾಗಿ ಅರ್ಜುನನೂ ಅಸ್ತ್ರ ಬಿಟ್ಟ. ಲೋಕ ಸುಟ್ಟುಹೋಗುವುದೆಂದು ವ್ಯಾಸರೂ ನಾರದರೂ ನಡುವೆ ಬಂದು ನಿಂತರು. ಅರ್ಜುನ ತನ್ನ ಅಸ್ತ್ರವನ್ನು ಹಿಂದಕ್ಕೆ ತೆಗೆದುಕೊಂಡ. ಅಶ್ವತ್ಥಾಮನಿಗೆ ಬಿಡುವುದು ಬರುತ್ತಿತ್ತು, ಹಿಂದಕ್ಕೆ ಕರೆಯುವುದು ಬರುತ್ತಿರಲಿಲ್ಲ. ಎಲ್ಲಾದರೂ ಬೀಳಲೇಬೇಕಾದ ಆ ಅಸ್ತ್ರ ಕಡೆಗೆ ಪಾಂಡವರ ಹೆಂಗಸರ ಗರ್ಭದ ಮೇಲೆ ಬಿತ್ತು. ನಾವು ಸಾಮಾನ್ಯವಾಗಿ ಈ ಕಥೆಯಲ್ಲಿ ಒಬ್ಬನ ದ್ವೇಷವನ್ನೂ ಇನ್ನೊಬ್ಬನ ಸಂಯಮವನ್ನೂ ಕಾಣುತ್ತೇವೆ. ತರಗತಿಯಲ್ಲಿ ನಾನೂ ಹಾಗೆಯೇ ಹೇಳುತ್ತೇನೆ. ಆದರೆ ಅರ್ಜುನನ ಸದುದ್ದೇಶವೊಂದೇ ಅಂದು ಲೋಕವನ್ನು ಉಳಿಸುತ್ತಿರಲಿಲ್ಲ. ಉಪಸಂಹಾರದ ವಿದ್ಯೆಯೂ ಅವನಿಗೆ ಕರಗತವಾಗಿತ್ತು. ಗರ್ಭಸ್ಥ ಶಿಶುವಿಗೆ ಅಸ್ತ್ರ ಬಿಟ್ಟವನ ಅಂತರಂಗ ಶುದ್ಧವೋ ಅಶುದ್ಧವೋ ಎಂಬುದರಿಂದ ಆಗಬೇಕಾದ್ದೇನು?

ಎರಡನೆಯ ದಾರಿ, ಕಣಗಳನ್ನು ಕಟ್ಟಿಹಾಕಿ ಕೆಲಸ ತೆಗೆಯುವುದು. ಮದ್ರಾಸಿನ ಐಐಟಿಯ ಪ್ರೊಫೆಸರ್ ಟಿ. ಪ್ರದೀಪ್ ಅವರ ತಂಡ ಮಾಡಿರುವುದು ಇದನ್ನು. ಸಿಗಡಿಯ ಚಿಪ್ಪಿನಿಂದ ತೆಗೆಯಬಹುದಾದ ಕೈಟೋಸಾನ್ ಎಂಬ ವಸ್ತುವಿನ ಜಾಲದೊಳಗೆ, ತುಕ್ಕಿನ ಬಂಧುವಾದ ಕಬ್ಬಿಣದ ಸಂಯುಕ್ತವೊಂದನ್ನು ನ್ಯಾನೊ ಗಾತ್ರದಲ್ಲಿ ಸೆರೆಹಿಡಿದು ಹರಳು ಮಾಡುತ್ತಾರೆ. ಹರಳಿನ ಮೇಲೆ ನೀರು ಹರಿದರೆ ಆರ್ಸೆನಿಕ್ ಅಲ್ಲಿ ಅಂಟಿಕೊಳ್ಳುತ್ತದೆ. ಕಣ ಜಾಲದಲ್ಲೇ ಉಳಿಯುತ್ತದೆ. ಲೀಟರಿಗೆ 10 ಮೈಕ್ರೊಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಇರಬಾರದೆಂದು ನಿಯಮ. ಎಂದರೆ ಒಂದು ಲಕ್ಷ ಲೀಟರಿಗೆ ಒಂದು ಗ್ರಾಂ. ಅಷ್ಟರಮಟ್ಟಿಗೆ ನೀರು ಶುದ್ಧವಾಗುತ್ತದೆ. ಪಶ್ಚಿಮ ಬಂಗಾಳವೂ ಸೇರಿ ಹಲವು ಕಡೆ ಇದು ಬಳಕೆಗೆ ಬಂದಿದೆ. ಹೆಸರು ‘ಅಮೃತ್’.

ಹೆಸರು ಚೆನ್ನಾಗಿದೆ. ಆದರೆ ಕಡಲನ್ನು ಕಡೆದಾಗ ಅಮೃತಕ್ಕೆ ಮೊದಲು ಬಂದದ್ದು ಹಾಲಾಹಲ. ಅದನ್ನು ಇಡಲು ಒಂದು ಜಾಗ ಬೇಕಾಯಿತು. ಆರ್ಸೆನಿಕ್ ಮೂಲವಸ್ತು. ಅದನ್ನು ಸುಟ್ಟು ಇಲ್ಲವಾಗಿಸುವ ಹಾಗಿಲ್ಲ. ನೀರಿನಿಂದ ತೆಗೆದರೆ ಹರಳಿನಲ್ಲಿ ಇರುತ್ತದೆ, ಅಷ್ಟೆ. ಹರಳು ತುಂಬಿದ ಮೇಲೆ ಅದನ್ನು ಯಾರೋ ಊರ ತಿಪ್ಪೆಗೋ ಹೊಂಡಕ್ಕೋ ಎಸೆಯುತ್ತಾರೆ ಎನ್ನೋಣ. ಗಾಳಿಯಾಡದ, ಕೊಳೆತ ಸೊಪ್ಪುಸದೆ ತುಂಬಿದ ಕಡೆ ಸೂಕ್ಷ್ಮಜೀವಿಗಳು ಆ ತುಕ್ಕನ್ನು ಕರಗಿಸಿ, ಅದು ಹಿಡಿದಿದ್ದ ವಿಷವನ್ನು ಬಿಡಿಸಬಲ್ಲವು. ಬಂಗಾಳದ ನೆಲದಾಳದಲ್ಲಿ ನೀರಿಗೆ ಆರ್ಸೆನಿಕ್ ಸೇರಿದ್ದೂ ಬಹುಮಟ್ಟಿಗೆ ಇದೇ ಕ್ರಮದಿಂದ. ಸಾವಿರಾರು ವರ್ಷಗಳಲ್ಲಿ ಭೂಮಿ ಮಾಡಿದ್ದನ್ನು ನಾವು ಒಂದು ತಿಪ್ಪೆಯಲ್ಲಿ ಮತ್ತೆ ಮಾಡಿದ ಹಾಗಾಯಿತು.

ಇದು ದೂರದ ಹಳ್ಳಿಯ ಮಾತು ಎಂದು ನಾವು ಪಟ್ಟಣದವರು ಅಂದುಕೊಳ್ಳುವುದು ಬೇಡ. ನಮ್ಮ ಅಡಿಗೆಮನೆಯ ಗೋಡೆಗೆ ನೇತುಹಾಕಿರುವ ಶುದ್ಧಿಯಂತ್ರವನ್ನೇ ನೋಡಿ. ಆರ್‌ಓ ಯಂತ್ರ ಒಂದು ನಳಿಗೆಯಲ್ಲಿ ಒಳ್ಳೆಯ ನೀರು ಕೊಟ್ಟು, ಇನ್ನೊಂದರಲ್ಲಿ ಲವಣಗಳೆಲ್ಲ ಒತ್ತಾಗಿ ಸೇರಿದ ನೀರನ್ನು ಮೋರಿಗೆ ಬಿಡುತ್ತದೆ. ವರ್ಷಕ್ಕೊಮ್ಮೆ ಕಂಪೆನಿಯ ಹುಡುಗ ಬಂದು ಫಿಲ್ಟರ್ ಬದಲಾಯಿಸಿ, ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ. ಅದು ಎಲ್ಲಿಗೆ ಹೋಗುತ್ತದೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಮನೆಯ ಕಸ ಗುಡಿಸಿ ಪಕ್ಕದ ಮನೆಯ ಮುಂದೆ ಹಾಕುವವಳನ್ನು ಬೀದಿಯೆಲ್ಲ ಬಯ್ಯುತ್ತದೆ. ಅಷ್ಟೇ ಕೆಲಸವನ್ನು ಯಂತ್ರದ ಕೈಯಲ್ಲಿ ಮಾಡಿಸಿದರೆ ಅದಕ್ಕೆ ಆರೋಗ್ಯದ ಕಾಳಜಿ ಎಂಬ ಹೆಸರು.

ನನ್ನ ರಸಾಯನಶಾಸ್ತ್ರದ ಮಿತ್ರರು ಈ ಮಾತನ್ನು ಒಪ್ಪಲಿಲ್ಲ. “ಅಲ್ಲ ಸ್ವಾಮೀ, ಬಾಯಾರಿದವನ ಎದುರಿಗೆ ಕುಳಿತು ನೀವು ಮೀಮಾಂಸೆ ಮಾಡುತ್ತೀರಿ. ಎಲ್ಲ ತಿಳಿದ ಮೇಲೆ ನೀರು ಕೊಡುತ್ತೇನೆ ಎಂದರೆ ಅಷ್ಟರಲ್ಲಿ ಅವನು ವಿಷ ಕುಡಿದಿರುತ್ತಾನೆ. ಸುಮ್ಮನೆ ಕೂರುವುದೂ ಒಂದು ಕೆಲಸವೇ. ಅದಕ್ಕೂ ಹೊಣೆ ಉಂಟಲ್ಲ?” ಎಂದರು. ಅವರ ಮಾತಿನಲ್ಲಿ ತೂಕವಿದೆ. ಕೆರೆಯ ನೀರು ಕುಡಿದು ಸಾಯುತ್ತಿದ್ದ ಕೂಸುಗಳನ್ನು ನೋಡಿಯೂ ಬಾವಿ ತೋಡದೆ ಕೂತಿದ್ದರೆ ಅದು ಧರ್ಮವಾಗುತ್ತಿತ್ತೆ? ಆದ್ದರಿಂದ ಬಾವಿ ತೋಡಿದ್ದನ್ನು ನಾನು ಆಕ್ಷೇಪಿಸುವುದಿಲ್ಲ. ತೋಡಿ ಮುಗಿಸಿದೆವು ಎಂದುಕೊಂಡದ್ದನ್ನು ಆಕ್ಷೇಪಿಸುತ್ತೇನೆ. ಪೂರ್ಣ ಜ್ಞಾನ ಬರುವವರೆಗೆ ಕಾಯುವುದು ಮನುಷ್ಯನಿಗೆ ಸಾಧ್ಯವಿಲ್ಲ. ಅಪೂರ್ಣ ಜ್ಞಾನದಿಂದ ಕೊಟ್ಟದ್ದನ್ನು ಬೆನ್ನುಬಿಡದೆ ನೋಡಿಕೊಳ್ಳುವುದು ಸಾಧ್ಯ. ಮೊದಲೇ ಎಲ್ಲವೂ ತಿಳಿದಿದ್ದರೆ ಕೊಟ್ಟು ಮರೆಯಬಹುದಾಗಿತ್ತು. ತಿಳಿಯದಿರುವುದರಿಂದಲೇ ಮರೆಯುವ ಹಕ್ಕು ನಮಗಿಲ್ಲ. ಪಶ್ಚಿಮ ಬಂಗಾಳದಲ್ಲಿ ಆರ್ಸೆನಿಕ್ ತೆಗೆಯಲೆಂದು ಹಿಂದೆ ನಿಲ್ಲಿಸಿದ್ದ ಘಟಕಗಳನ್ನು ಎರಡು ವರ್ಷ ಪರೀಕ್ಷಿಸಿದ ವಿದ್ವಾಂಸರು, ಅವುಗಳನ್ನು ನಂಬುವಂತಿಲ್ಲವೆಂದು 2005ರಲ್ಲಿ ಬರೆದರು. ಉದ್ಘಾಟನೆಯ ದಿನ ಅವೆಲ್ಲವೂ ಹೊಸದಾಗಿ ಹೊಳೆಯುತ್ತಿದ್ದಿರಬೇಕು.

ನಮ್ಮ ನಾಡಿನಲ್ಲೂ ಈ ವಿಷ ಇದೆ. ಯಾದಗಿರಿ ಜಿಲ್ಲೆಯಲ್ಲಿ ಮಂಗಳೂರು ಎಂಬ ಊರಿದೆ. ಕರಾವಳಿಯ ಮಂಗಳೂರಲ್ಲ, ಹಿಂದೆ ಚಿನ್ನದ ಗಣಿಯಿದ್ದ ಸೀಮೆ. ಅಲ್ಲಿಯ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇರುವುದನ್ನು, ಜನರ ಮೈಮೇಲೆ ಅದರ ಗುರುತುಗಳಿರುವುದನ್ನು ಕಲಕತ್ತೆಯ ಜಾದವಪುರ ವಿಶ್ವವಿದ್ಯಾನಿಲಯದ ದೀಪಂಕರ್ ಚಕ್ರವರ್ತಿ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಅಂಥ ಊರುಗಳಿಗೆ ನ್ಯಾನೊ ಹರಳು ಹೋಗಬೇಕು, ಬೇಗ ಹೋಗಬೇಕು. ಆದರೆ ಪೆಟ್ಟಿಗೆಯ ಜೊತೆಗೆ ಒಂದು ಪುಸ್ತಕವೂ ಹೋಗಲಿ: ಹರಳು ಹಾಕಿದ್ದು ಯಾವಾಗ, ನೀರು ಪರೀಕ್ಷೆ ಮಾಡುವವರು ಯಾರು, ತುಂಬಿದ ಹರಳನ್ನು ಒಯ್ಯುವವರು ಯಾರು, ಒಯ್ದು ಎಲ್ಲಿ ಇಡುತ್ತಾರೆ ಎಂದು ಅದರಲ್ಲಿ ಬರೆದಿರಲಿ. ಊರವರು ಆ ಪುಸ್ತಕವನ್ನು ಕೇಳಿ ನೋಡಲಿ. ಎಮ್ಮೆಯ ಹಲ್ಲು ಹಿಡಿದು ನೋಡಿದರೆಂದು ಕೊಟ್ಟವರು ಬೇಸರಿಸದಿರಲಿ.