ಕೊಳೆತ ಹಣ್ಣಿನ ನ್ಯಾಯ

ಅನ್ನವು ಬೆಂದಿತೋ ಇಲ್ಲವೋ ಎಂಬುದನ್ನು ತಿಳಿಯಲು ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಹಿಸುಕಿ ನೋಡಬೇಕಾಗಿಲ್ಲ. ಒಂದು ಅಗುಳು ಸಾಕು. ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕನ್ಯಾಯವೆಂದು ಕರೆದರು. ಒಂದರಿಂದ ಹಲವನ್ನು ಅರಿಯಬಹುದೆಂಬ ಈ ನ್ಯಾಯದ ಮಗ್ಗುಲಲ್ಲಿಯೇ ಇಡತಕ್ಕ ಮತ್ತೊಂದು ನ್ಯಾಯವು ಜಪಾನು ದೇಶದಲ್ಲಿ ಪ್ರಚಾರದಲ್ಲಿದೆ. ಪೆಟ್ಟಿಗೆಯಲ್ಲಿ ಒಂದು ಕಿತ್ತಳೆ ಕೊಳೆತರೆ ಮಿಕ್ಕವೂ ಕೊಳೆಯುತ್ತವೆ. ಆದುದರಿಂದ ಅದೊಂದನ್ನು ತಡಮಾಡದೆ ತೆಗೆದೆಸೆಯಬೇಕು. ಅಲ್ಲಿಯವರು ಇದನ್ನು ಕೊಳೆತ ಕಿತ್ತಳೆಯ ಸಮೀಕರಣವೆನ್ನುತ್ತಾರೆ. ಈ ಮಾತು ಅಲ್ಲಿ ಮನೆಮಾತಾದುದು ಯಾವ ನೀತಿಗ್ರಂಥದಿಂದಲೂ ಅಲ್ಲ, ಒಂದು ಟೆಲಿವಿಷನ್ ನಾಟಕಮಾಲೆಯಿಂದ.

ಆ ಮಾಲೆಯ ಹೆಸರನ್ನು ಕನ್ನಡದಲ್ಲಿ 'ಮೂರನೆಯ ವರ್ಷದ ಬಿ ತರಗತಿಯ ಕಿಂಪಾಚಿ ಗುರುಗಳು' ಎಂದು ಹೇಳಬಹುದು. 1979ರ ಅಕ್ಟೋಬರಿನಲ್ಲಿ ಟಿ.ಬಿ.ಎಸ್. ಸಂಸ್ಥೆಯವರು ಆರಂಭಿಸಿದ ಇದು ನಡುನಡುವೆ ನಿಂತು, ಮತ್ತೆ ಮೊದಲಾಗಿ, ಎಂಟು ಮಾಲೆಗಳಾಗಿ ಬೆಳೆದು, 2011ರ ಮಾರ್ಚಿಯಲ್ಲಿ ಮುಗಿಯಿತು. ಇದನ್ನು ಮೊದಲು ರಚಿಸಿದವರು ಒಸನಾಯಿ ಮಿಯೆಕೊ ಎಂಬ ಲೇಖಕಿ. ಸಕಮೊತೊ ಕಿಂಪಾಚಿ ಎಂಬ ಉಪಾಧ್ಯಾಯನ ಪಾತ್ರವನ್ನು ಆದಿಯಿಂದ ಅಂತ್ಯದವರೆಗೂ ವಹಿಸಿದವರು, ಹಾಡುಗಾರರಾಗಿ ಮೊದಲೇ ಪ್ರಸಿದ್ಧರಾಗಿದ್ದ ಟಕೆದ ಟೆತ್ಸುಯ. ಕಥೆ ನಡೆಯುವುದು ಟೋಕಿಯೋ ನಗರದ ಒಂದು ಮಾಧ್ಯಮಿಕ ಶಾಲೆಯಲ್ಲಿ. ವಿದ್ಯಾರ್ಥಿಗಳು ಹದಿನೈದರ ಆಸುಪಾಸಿನವರು. ಆ ದೇಶದಲ್ಲಿ ಕಡ್ಡಾಯ ವಿದ್ಯಾಭ್ಯಾಸವು ಮುಗಿಯುವುದು ಅಲ್ಲಿಯೇ. ಮುಂದಿನ ಶಾಲೆಗೆ ಪ್ರವೇಶಪರೀಕ್ಷೆ ಕಾದಿರುತ್ತದೆ. ಮಾಲೆ ಬದಲಾದಂತೆ ಹುಡುಗರು ಬದಲಾಗುತ್ತಾರೆ, ಗುರು ಒಬ್ಬನೇ. ಮೊದಲ ಮಾಲೆಯಲ್ಲಿಯೇ ಹದಿನೈದು ವರ್ಷದ ಬಾಲಿಕೆಯೊಬ್ಬಳು ತಾಯಿಯಾಗುವ ಪ್ರಸಂಗವನ್ನು ತಂದು, ನೋಡುವವರಲ್ಲಿ ದೊಡ್ಡ ಚರ್ಚೆಯನ್ನೆಬ್ಬಿಸಿದ ಕೃತಿಯಿದು.

ಕಿತ್ತಳೆಯ ಮಾತು ಬರುವುದು 1980ರಲ್ಲಿ ಮೊದಲಾದ ಎರಡನೆಯ ಮಾಲೆಯಲ್ಲಿ. ಆ ಕಾಲಕ್ಕೆ ಜಪಾನಿನ ಮಾಧ್ಯಮಿಕ ಶಾಲೆಗಳಲ್ಲಿ ಹುಡುಗರು ಗಾಜುಗಳನ್ನೊಡೆಯುವುದೂ ಉಪಾಧ್ಯಾಯರ ಮೇಲೆ ಕೈಮಾಡುವುದೂ ಹೆಚ್ಚಿ, ಅದಕ್ಕೆ 'ಶಾಲೆಯೊಳಗಿನ ಹಿಂಸೆ' ಎಂಬ ಹೆಸರೇ ಹುಟ್ಟಿಕೊಂಡಿತ್ತು. ಕಾತೊ ಮಸಾರು ಎಂಬ ಪುಂಡ ಹುಡುಗನನ್ನು ಅವನ ಶಾಲೆಯವರು ಸಹಿಸಲಾರದೆ ಸಾಗಹಾಕುತ್ತಾರೆ. ಅವನು ಕಿಂಪಾಚಿಯ ತರಗತಿಗೆ ಬಂದು ಬೀಳುತ್ತಾನೆ. ಹಿಂದಿನ ಶಾಲೆಯವರು ತಮ್ಮ ಕೃತ್ಯಕ್ಕೆ ಕೊಡುವ ಸಮರ್ಥನೆಯೇ ಮೇಲಿನ ಸಮೀಕರಣ. ಕಿಂಪಾಚಿ ಅದನ್ನು ಒಪ್ಪುವುದಿಲ್ಲ. ಉಪಾಧ್ಯಾಯರು ದಿನವೂ ಬೆಳೆಸುತ್ತಿರುವುದು ಮನುಷ್ಯರನ್ನೇ ಹೊರತು ಹಣ್ಣುಗಳನ್ನಲ್ಲ ಎಂಬುದು ಅವನ ಉತ್ತರದ ಸಾರ.

ಉತ್ತರವು ಕೇಳಲು ಇಂಪಾಗಿದೆ. ಆದರೆ ಇಂಪಾದ ಮಾತ್ರಕ್ಕೆ ಅದು ಸಾಧುವಾಗಲಾರದು. ಎದುರಾಳಿಯ ಪಕ್ಷದಲ್ಲಿ ನಿಂತಿರುವವನು ಸಾಮಾನ್ಯನಲ್ಲ, ವಿದುರ. ದುರ್ಯೋಧನನು ಹುಟ್ಟಿದಾಗ ಅಪಶಕುನಗಳನ್ನು ಕಂಡು ಅವನು ಧೃತರಾಷ್ಟ್ರನಿಗೆ, ಈ ಮಗುವನ್ನು ತ್ಯಜಿಸು, ಇನ್ನೂ ತೊಂಬತ್ತೊಂಬತ್ತು ಮಂದಿ ಮಕ್ಕಳು ಉಳಿಯುತ್ತಾರೆ ಎಂದು ಲೆಕ್ಕವನ್ನೇ ಹೇಳಿದನು. ಕುಲಕ್ಕಾಗಿ ಒಬ್ಬನನ್ನು, ಊರಿಗಾಗಿ ಕುಲವನ್ನು, ನಾಡಿಗಾಗಿ ಊರನ್ನು ಬಿಡಬಹುದೆಂಬ ನೀತಿಯನ್ನು ಆಗ ಎತ್ತಿ ಆಡಿದನು. ತಂದೆಯು ಪುತ್ರಮೋಹದಿಂದ ಕೇಳಲಿಲ್ಲ. ಅದರ ಫಲವೇನಾಯಿತೆಂಬುದು ವಾಚಕರಿಗೆ ತಿಳಿದೇ ಇದೆ. ಕುರುಕ್ಷೇತ್ರದಲ್ಲಿ ನೂರರಲ್ಲಿ ಒಬ್ಬನೂ ಉಳಿಯಲಿಲ್ಲ. ಕೊಳೆತ ಹಣ್ಣಿನ ನ್ಯಾಯಕ್ಕೆ ಇದಕ್ಕಿಂತ ಬಲವಾದ ದೃಷ್ಟಾಂತವು ಬೇಕೆ?

ಆದರೆ ಈ ನೀತಿಯನ್ನು ಉದಾಹರಿಸುವವರು ಸಾಮಾನ್ಯವಾಗಿ ಮೂರನೆಯ ಪಾದದಲ್ಲಿಯೇ ನಿಂತುಬಿಡುತ್ತಾರೆ. ನಾಲ್ಕನೆಯದರಲ್ಲಿ ಲೆಕ್ಕವು ತಲೆಕೆಳಗಾಗುತ್ತದೆ: ಆತ್ಮಾರ್ಥವಾಗಿ ಇಡೀ ಭೂಮಂಡಲವನ್ನೇ ಬಿಡಬಹುದಂತೆ. ಅಲ್ಲಿಯ ಆತ್ಮಶಬ್ದಕ್ಕೆ ತನ್ನ ಪ್ರಾಣವೆಂದಷ್ಟೇ ಅರ್ಥಮಾಡುವವರೂ ಉಂಟು. ಹಾಗೆಂದರೂ, ಸಂಖ್ಯೆಯೇ ಪರಮಪ್ರಮಾಣವಾಗಿದ್ದ ಪಕ್ಷದಲ್ಲಿ ಒಂದು ಪ್ರಾಣಕ್ಕಾಗಿ ಭೂಮಿಯನ್ನು ಬಿಡುವ ಮಾತು ಹೇಗೆ ಬಂದೀತು? ಹೆಚ್ಚು ಕಡಮೆಗಳ ತಕ್ಕಡಿಯು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬ ಎಚ್ಚರಿಕೆಯು ಆ ಶ್ಲೋಕದ ಹೊಟ್ಟೆಯಲ್ಲಿಯೇ ಇದೆ. ಮೇಲಾಗಿ ಧೃತರಾಷ್ಟ್ರನು ಮಗನನ್ನು ತ್ಯಜಿಸದೆ ಇದ್ದುದೊಂದೇ ತಪ್ಪಲ್ಲ. ಇಟ್ಟುಕೊಂಡ ಮೇಲೆ ತಿದ್ದಲೂ ಇಲ್ಲ. ಅರಗಿನ ಮನೆಯಿಂದ ದ್ಯೂತದವರೆಗೆ ಒಂದೊಂದು ಸಾರಿಯೂ ಅವನು ಅರ್ಧ ಬೇಡವೆನ್ನುತ್ತ ಅರ್ಧ ಆಗಲೆನ್ನುತ್ತ ಕುಳಿತನು. ಬಿಡುವುದು ಮತ್ತು ಬಿಟ್ಟುಕೊಡುವುದು, ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಅದನ್ನು ಹಸ್ತಿನಾವತಿಯಲ್ಲಿ ಯಾರೂ ಹಿಡಿದು ನೋಡಲಿಲ್ಲ.

ಹಣ್ಣಿನ ವಿಚಾರವನ್ನೇ ಸ್ವಲ್ಪ ಬಿಡಿಸಿ ನೋಡಬಹುದು. ಜಪಾನಿನ ಮಿಕಾನ್ ಎಂಬುದು ನಮ್ಮ ಕೊಡಗಿನ ಕಿತ್ತಳೆಯ ದಾಯಾದಿ. ಸಿಪ್ಪೆ ತೆಳುವು, ಸುಲಿಯಲು ಸುಲಭ. ಚಳಿಗಾಲದಲ್ಲಿ ಪೆಟ್ಟಿಗೆಗಟ್ಟಲೆ ಕೊಂಡು ಮನೆಯಲ್ಲಿಡುವ ರೂಢಿ ಅಲ್ಲಿಯದು. ಈ ಜಾತಿಯ ಹಣ್ಣುಗಳನ್ನು ಕೆಡಿಸುವ ಹಸಿರು ಬೂಷ್ಟು ಸಾಮಾನ್ಯವಾಗಿ ಒಳಗೆ ಹೊಗುವುದು ಸಿಪ್ಪೆಯ ಗಾಯದ ಮೂಲಕ. ಕೀಳುವಾಗ ಉಗುರು ತಗುಲಿದ, ಸಾಗಿಸುವಾಗ ಜಜ್ಜಿದ, ಮೇಲಿನ ಭಾರದಿಂದ ಅಡಿಯಲ್ಲಿ ಬಿರಿದ ಹಣ್ಣಿಗೆ ಅದು ಮೊದಲು ಅಂಟುತ್ತದೆ. ಹಾಗಾದರೆ ಪೆಟ್ಟಿಗೆಯನ್ನು ತುಂಬಿದವನು ಕೊಳೆತುದನ್ನು ಎಸೆದು ಕೈತೊಳೆದುಕೊಳ್ಳುವ ಮುನ್ನ ಅದು ಯಾವ ಮೂಲೆಯಲ್ಲಿತ್ತು, ಅದರ ಮೇಲೆ ಏನನ್ನು ಹೇರಲಾಗಿತ್ತು ಎಂದು ನೋಡಬೇಡವೇ? ಇದು ದೃಷ್ಟಾಂತವನ್ನು ಒಪ್ಪಿಕೊಂಡು ಆಡಿದ ಮಾತು. ಒಪ್ಪದೆ ಹೇಳುವುದಾದರೆ, ಕಿತ್ತ ಹಣ್ಣಿಗೆ ಮುಂದೆ ಕೊಳೆಯುವುದೊಂದೇ ಗತಿ. ಹದಿನೈದರ ಹುಡುಗನಾದರೋ ಇನ್ನೂ ಮರದ ಮೇಲಿರುವ ಕಾಯಿ.

ಮತ್ತೊಂದು ವಿಷಯವನ್ನೂ ಮರೆಯಲಾಗದು. ಜಪಾನಿನ ಸಾರ್ವಜನಿಕ ಶಾಲೆಗಳು ಕಡ್ಡಾಯ ವಿದ್ಯಾಭ್ಯಾಸದ ವಯಸ್ಸಿನ ವಿದ್ಯಾರ್ಥಿಯನ್ನು ಶಿಕ್ಷೆಯಾಗಿ ಶಾಲೆಯಿಂದ ಹೊರಹಾಕುವಂತಿಲ್ಲ. ಇತರರಿಗೆ ಅಡ್ಡಿಯಾದರೆ ಕೆಲವು ಕಾಲ ಬರಬೇಡವೆಂದು ಆಜ್ಞೆಮಾಡಲು ಮಾತ್ರ ಅವಕಾಶವಿದೆ. ಭಾರತದ 2009ರ ಶಿಕ್ಷಣ ಹಕ್ಕಿನ ಕಾಯಿದೆಯೂ ಎಂಟನೆಯ ತರಗತಿ ಮುಗಿಯುವವರೆಗೆ ಮಗುವನ್ನು ಹೊರದೂಡಬಾರದೆಂದಿದೆ. ಆದುದರಿಂದ ಕಾತೊ ಮಸಾರುವಿನ ವಿಷಯದಲ್ಲಿ ನಡೆದುದು ಎಸೆಯುವ ಕ್ರಿಯೆಯೂ ಅಲ್ಲ. ಕೊಳೆತಿದೆಯೆಂದು ತಾವೇ ನಿಶ್ಚಯಿಸಿದ ಹಣ್ಣನ್ನು ನೆರೆಯವನ ಪೆಟ್ಟಿಗೆಯಲ್ಲಿ ಇಟ್ಟುಬಂದರು. ಸಮೀಕರಣವನ್ನು ನಿಜವಾಗಿ ನಂಬಿದ್ದವರು ಹಾಗೆ ಮಾಡುತ್ತಿರಲಿಲ್ಲ.

ಹಾಗಾದರೆ ಕಿಂಪಾಚಿಯದೇ ಗೆಲವೆ? ಅಷ್ಟು ಸುಲಭವಲ್ಲ. ಈ ಉಪಾಧ್ಯಾಯನ ಹೆಸರಿನೊಡನೆ ಜಪಾನಿನಲ್ಲಿ ಗಾದೆಯಂತೆ ಉಳಿದಿರುವ ಪಾಠವೊಂದಿದೆ. 'ಮನುಷ್ಯ' ಎಂಬುದನ್ನು ಸೂಚಿಸುವ ಅಕ್ಷರದಲ್ಲಿ ಎರಡೇ ಗೆರೆಗಳು, ಒಂದಕ್ಕೊಂದು ಒರಗಿ ನಿಂತಂತೆ. ಮನುಷ್ಯನು ಮನುಷ್ಯನಿಗೆ ಆಧಾರವಾಗಿ ನಿಲ್ಲುತ್ತಾನೆಂಬುದನ್ನು ಹಲಗೆಯ ಮೇಲೆ ಬರೆದು ತೋರಿಸುವ ಪಾಠವದು. ಅಕ್ಷರದ ಚರಿತ್ರೆಯನ್ನು ಬಲ್ಲವರು ಇದನ್ನು ಒಪ್ಪುವುದಿಲ್ಲ. ಚೀನದ ಪ್ರಾಚೀನ ಮೂಳೆಬರಹಗಳಲ್ಲಿ ಅದು ಪಕ್ಕದಿಂದ ಕಂಡ ಒಬ್ಬನೇ ಮನುಷ್ಯನ ಚಿತ್ರ. (ಯಾಸ್ಕನ ನಿರುಕ್ತವನ್ನು ಓದಿದವರಿಗೆ ಇಂತಹ ನಿರ್ವಚನಗಳು ಹೊಸವಲ್ಲ, ವ್ಯುತ್ಪತ್ತಿ ಜಾರಿದರೂ ಅರ್ಥವು ನಿಲ್ಲುವುದುಂಟು.) ಆದರೆ ಆ ಅಕ್ಷರವನ್ನು ಇನ್ನೊಮ್ಮೆ ನೋಡಿದರೆ, ಗೆರೆಗಳೆರಡೂ ಸಮನಲ್ಲವೆಂಬುದು ಕಾಣುತ್ತದೆ. ಉದ್ದನೆಯದು ಒರಗಿದೆ, ಗಿಡ್ಡನೆಯದು ಹೊತ್ತಿದೆ.

ಕಾತೊವಿನ ಭಾರವನ್ನು ಹೊತ್ತ ಗಿಡ್ಡ ಗೆರೆ ಯಾರು? ಗುರು ಹೊತ್ತರೆ ಅದು ಅವನ ವೃತ್ತಿ, ಅವನ ಸ್ವೇಚ್ಛೆ. ಆದರೆ ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಮೆತ್ತಗೆ ಕುಳಿತಿರುವ ಹುಡುಗನೊಬ್ಬನಿರುತ್ತಾನೆ. ಪೆಟ್ಟು ತಿಂದರೂ ಮನೆಯಲ್ಲಿ ಹೇಳದವನು. ಅವನನ್ನು ಯಾರೂ ಕೇಳಿಲ್ಲ. ಗುರುವಿನ ಕಾರುಣ್ಯಕ್ಕೆ ಈ ಹುಡುಗನು ತನ್ನ ಮೈಯಿಂದ ಬೆಲೆ ತೆರಬೇಕೆಂಬುದು ಯಾವ ಧರ್ಮ? ನಾಟಕದಲ್ಲಿ ಲೇಖಕಿಯು ಕೊನೆಯನ್ನು ತನ್ನ ಕೈಯಲ್ಲಿಟ್ಟುಕೊಂಡಿರುತ್ತಾಳೆ. ನಿಜವಾದ ಉಪಾಧ್ಯಾಯನಿಗೆ ಆ ಸೌಕರ್ಯವಿಲ್ಲ.

ಇಲ್ಲಿ ದಂಡಕ್ಕೂ ತ್ಯಾಗಕ್ಕೂ ಇರುವ ಅಂತರವನ್ನು ಹಿಡಿಯಬೇಕಾಗುತ್ತದೆ. ಹೊಡೆಯುವ ಕೈಯನ್ನು ಅಂದೇ ಹಿಡಿಯತಕ್ಕದ್ದು. ಅವಶ್ಯವಾದರೆ ಕೆಲವು ದಿನ ತರಗತಿಯಿಂದ ದೂರವಿಡತಕ್ಕದ್ದು. ಮೆತ್ತಗಿನ ಹುಡುಗನಿಗೆ ಸಲ್ಲಬೇಕಾದ ಋಣವಿದು, ಇದರಲ್ಲಿ ದಾಕ್ಷಿಣ್ಯ ಕೂಡದು. ದಂಡವು ನೀನು ಹೀಗೆ ಮಾಡಿದೆ ಎನ್ನುತ್ತದೆ, ಹಿಂದಿರುಗಿ ಬರಲು ಬಾಗಿಲನ್ನು ಇಡುತ್ತದೆ. ತ್ಯಾಗವು ನೀನೇ ಹೀಗೆ ಎನ್ನುತ್ತದೆ. ಒಬ್ಬನನ್ನು ಹಾಗೆ ತ್ಯಜಿಸಿದುದನ್ನು ಕಣ್ಣಾರೆ ಕಂಡ ಉಳಿದ ಹುಡುಗರು ಸುರಕ್ಷಿತರಾದರೆಂದು ಶಾಲೆಯವರು ಭಾವಿಸಬಹುದು. ಆದರೆ ಆ ದಿನ ಅವರೆಲ್ಲರೂ ಕಲಿತ ಪಾಠವೊಂದೇ: ತಾವೂ ಪೆಟ್ಟಿಗೆಯಲ್ಲಿರುವ ಹಣ್ಣುಗಳು, ತಮ್ಮ ಮೇಲೂ ಯಾರದೋ ಬೆರಳು ಪರೀಕ್ಷೆಗಾಗಿ ಆಡುತ್ತಿದೆ. ಮೆತ್ತಗಿನ ಹುಡುಗನಿಗೂ ಈ ಪಾಠದಿಂದ ಬಿಡುಗಡೆಯಿಲ್ಲ.

1981ರ ಮಾರ್ಚಿಯಲ್ಲಿ, ಶಾಲೆ ಬಿಡುವ ಸಮಾರಂಭವು ಹತ್ತಿರವಾದಾಗ, ಕಾತೊ ತನ್ನ ಹಳೆಯ ಶಾಲೆಗೆ ಹೋಗುತ್ತಾನೆ. ಜೊತೆಗಾರರೊಡನೆ ಧ್ವನಿಪ್ರಸಾರದ ಕೊಠಡಿಯನ್ನು ಹಿಡಿದು, ಬಾಗಿಲು ಹಾಕಿಕೊಂಡು, ಮುಖ್ಯೋಪಾಧ್ಯಾಯನು ತಮ್ಮಲ್ಲಿ ಕ್ಷಮೆ ಕೇಳಬೇಕೆಂದು ಹಟ ಹಿಡಿಯುತ್ತಾನೆ. ಪೋಲೀಸರು ಒಳನುಗ್ಗುತ್ತಾರೆ. ಕೈಗೆ ಕೋಳ ತೊಡಿಸಿ ಹುಡುಗರನ್ನು ಎಳೆದೊಯ್ಯುವ ದೃಶ್ಯವನ್ನು ನಿಧಾನಗತಿಯಲ್ಲಿ ತೋರಿಸಿದ್ದಾರೆ. ಹಿನ್ನೆಲೆಯಲ್ಲಿ ನಕಜಿಮ ಮಿಯುಕಿ ಎಂಬ ಗಾಯಕಿಯ ಹಾಡು. ಹುಡುಗರು ಮಾಡಿದುದು ಅಪರಾಧವೇ. ನಾಟಕವು ಅದನ್ನು ಮರೆಸುವುದಿಲ್ಲ. ಆದರೆ ಅವರು ಅಷ್ಟು ದೂರ ಹೋದುದು ಒಂದು ಮಾತನ್ನು ಕೇಳುವುದಕ್ಕಾಗಿ, ಅದೂ ತಮ್ಮನ್ನು ಎಸೆದವನ ಬಾಯಿಂದಲೇ.