ಗೊಂಬೆಗಳೂ ಪರಿಗ್ರಹವೂ

ಎಂದೂ ಹುಟ್ಟದ, ಎಂದೂ ಬಾಳದ ಒಬ್ಬ ವ್ಯಕ್ತಿಯಲ್ಲಿ ಪ್ರೀತಿಯನ್ನಿಡುವುದು ತಪ್ಪೆ? ತಪ್ಪಲ್ಲವೆಂದಾದರೆ, ಆ ಪ್ರೀತಿಯ ಗುರುತಾಗಿ ಅವನ ಪ್ರತಿಮೆಯೊಂದನ್ನು ಹಣ ಕೊಟ್ಟು ಕೊಳ್ಳುವುದು ತಪ್ಪೆ? ಒಂದನ್ನು ಕೊಂಡವನು ಹತ್ತನ್ನು ಕೊಂಡು, ಹನ್ನೊಂದನೆಯದಕ್ಕಾಗಿ ನಿದ್ದೆಗೆಟ್ಟರೆ, ತಪ್ಪು ಮೊದಲಾದುದು ಎಲ್ಲಿ? ಈ ಪ್ರಶ್ನೆಗಳು ಶಾಸ್ತ್ರಗ್ರಂಥಗಳಿಂದ ಎದ್ದವಲ್ಲ. ಮಣಿಪಾಲದ ವಿದ್ಯಾರ್ಥಿಗಳ ಕೋಣೆಗಳಿಂದಲೂ ಉಡುಪಿ, ಕಾಪು, ಕಾರ್ಕಳಗಳ ಮನೆಗಳಲ್ಲಿ ಮಕ್ಕಳು ಓದುವ ಮೇಜುಗಳಿಂದಲೂ ಎದ್ದವು. ಆ ಮೇಜುಗಳ ಮೇಲೆ ಈಗ ಪುಸ್ತಕಗಳ ಮುಂದೆ ಸಣ್ಣ ಸಣ್ಣ ಗೊಂಬೆಗಳ ಸಾಲು ನಿಂತಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು.

ಜಪಾನಿನವರು ಕೈಯಿಂದ ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡಿ ಹೇಳುವ ಕಥೆಗಳಿಗೆ ಆನಿಮೆ ಎಂದು ಹೆಸರು. ಆ ಕಥೆಗಳ ನಾಯಕರೂ ಪ್ರತಿನಾಯಕರೂ ಗೊಂಬೆಗಳಾಗಿ, ಅಂಟುಚೀಟಿಗಳಾಗಿ, ಬೀಗದಕೈಗಳ ತೂಗುಪದಕಗಳಾಗಿ ಮಾರಾಟಕ್ಕೆ ಬರುವರು. ಅವರ ದೇಶದಲ್ಲಿ ಇವು ಹೆಚ್ಚಾಗಿ ದೊರೆಯುವ ಸ್ಥಳಗಳಲ್ಲಿ ಒಂದು, ಹಗಲಿರುಳೂ ಬಾಗಿಲು ತೆರೆದಿರುವ ‘ಕೊಂಬಿನಿ’ ಎಂಬ ಸಣ್ಣ ಅಂಗಡಿ. ಸೆವೆನ್-ಇಲೆವೆನ್ ಸಂಸ್ಥೆಯವರು ಜಪಾನಿನಲ್ಲಿ ಇಂಥ ಮೊದಲ ಅಂಗಡಿಯನ್ನು ತೆರೆದುದು 1974ರಲ್ಲಿ. ನಮ್ಮ ದೇಶದಲ್ಲಿ, ಮುಂಬಯಿಯಲ್ಲಿ, 2021ರಲ್ಲಿ. ಅನ್ನದ ಉಂಡೆಗೂ ಹಾಲಿಗೂ ಹೋದವನು ಅಲ್ಲಿ ‘ಇಚಿಬಾನ್ ಕುಜಿ’ ಎಂಬ ಅದೃಷ್ಟಚೀಟಿಯನ್ನೂ ಎತ್ತಬಹುದು. ಬರಿಗೈಯಲ್ಲಿ ಹಿಂದಿರುಗುವವರು ಯಾರೂ ಇಲ್ಲ. ಒಬ್ಬನಿಗೆ ದೊಡ್ಡ ಗೊಂಬೆ, ಮತ್ತೊಬ್ಬನಿಗೆ ಚಿತ್ರವಿರುವ ಕೈವಸ್ತ್ರ. ಡಬ್ಬಿಯ ಕಟ್ಟಕಡೆಯ ಚೀಟಿಯನ್ನು ಕೊಂಡವನಿಗೆ ಬೇರೆಯೇ ಒಂದು ಬಹುಮಾನ. ಬಹುಮಾನಕ್ಕಾಗಿ ಉಳಿದ ಚೀಟಿಗಳನ್ನೆಲ್ಲ ಒಬ್ಬನೇ ಕೊಂಡುಬಿಡುವುದೂ ಉಂಟು. ನಮ್ಮೂರುಗಳ ಗೂಡಂಗಡಿಗಳಲ್ಲಿ ಈ ಚೀಟಿ ಇಲ್ಲ. ಆದರೆ ಒಳಗೆ ಯಾವ ಗೊಂಬೆಯಿದೆಯೆಂದು ತೋರಗೊಡದ, ‘ಬ್ಲೈಂಡ್ ಬಾಕ್ಸ್’ ಎಂದು ಕರೆಯಿಸಿಕೊಳ್ಳುವ ಮುಚ್ಚಿದ ಪೆಟ್ಟಿಗೆಯು ಅಂಚೆಯ ಮೂಲಕವಾದರೂ ಬಂದು ಸೇರುವುದು.

ಇದು ಕೇವಲ ಹೊಸತೆಂದು ಬೆರಗಾಗಬೇಕಾದುದಿಲ್ಲ. ಶಿವಕಾಶಿಯ ಕಾರ್ಖಾನೆಗಳು ಹುಟ್ಟುವುದಕ್ಕೆ ಮುಂಚೆ ನಮ್ಮ ದೇಶಕ್ಕೆ ಬೆಂಕಿಪೆಟ್ಟಿಗೆಗಳು ಸ್ವೀಡನ್ನಿನಿಂದಲೂ ಜಪಾನಿನಿಂದಲೂ ಬರುತ್ತಿದ್ದುವು. ನಮ್ಮವರ ಕಣ್ಣಿಗೆ ಒಪ್ಪಲೆಂದು ಅವುಗಳ ಮೇಲೆ ನಮ್ಮ ದೇವತೆಗಳ ಚಿತ್ರಗಳನ್ನೂ ಅಚ್ಚುಹಾಕುತ್ತಿದ್ದರು. ಅಂದು ನಮ್ಮ ಕೃಷ್ಣನನ್ನು ನಮಗೇ ಮಾರಿದ ಜಪಾನು ಇಂದು ತನ್ನ ಕಥಾಪುರುಷರನ್ನು ಮಾರುತ್ತಿದೆ. ಇದರಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಹೆಚ್ಚಿದೆಯೆಂದೇ ಹೇಳಬೇಕು. ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಬಿಡಿಸಿ ಪುಸ್ತಕದಲ್ಲಿ ಅಂಟಿಸಿದ ಹುಡುಗರು ಈಗ ಅಜ್ಜಂದಿರು. ಈ ಶತಮಾನದ ಮೊದಲ ವರ್ಷಗಳಲ್ಲಿ ತಿಂಡಿಯ ಪೊಟ್ಟಣದೊಳಗಿನ ‘ಟಾಜೋ’ ಎಂಬ ಬಿಲ್ಲೆಗಾಗಿ ಹಟಮಾಡಿದವರು ಈಗ ತಂದೆತಾಯಿಗಳು.

ಹಿರಿಯರ ಮೊದಲ ಆಕ್ಷೇಪವೇನೆಂದರೆ, ಇಲ್ಲದವರ ಮೇಲೆ ಈ ಮೋಹವೇತಕ್ಕೆ ಎಂಬುದು. ಯಕ್ಷಗಾನದ ನಾಡಿನವರು ಆಡತಕ್ಕ ಮಾತಲ್ಲ ಇದು. ಬೆಳಗಿನ ಜಾವ ಚಕ್ರವ್ಯೂಹದಲ್ಲಿ ಅಭಿಮನ್ಯು ಬೀಳುವಾಗ ಗದ್ದೆಯಲ್ಲಿ ಚಾಪೆಹಾಸಿ ಕುಳಿತ ಜನ ಕಣ್ಣೊರಸಿಕೊಂಡುದು ವೇಷಧಾರಿಗಾಗಿಯಲ್ಲ. ಆತನು ಚೌಕಿಯಲ್ಲಿ ಬಣ್ಣ ತೆಗೆದು ಚಹಾ ಕುಡಿಯುವನೆಂಬುದನ್ನು ಎಲ್ಲರೂ ಬಲ್ಲರು. ಕಲ್ಪಿತನಾದವನಿಗಾಗಿ ಮರುಗುವ ಶಕ್ತಿಯನ್ನು ಕಳೆದುಕೊಂಡರೆ ಸಾಹಿತ್ಯಕ್ಕೆ ನೆಲೆಯೇ ಇಲ್ಲ. ದೂರದೇಶದ ಕಥೆಯಲ್ಲಿ ತಂಗಿಯನ್ನು ಕಾಯುವ ಅಣ್ಣನೊಬ್ಬನನ್ನು ಕಂಡು ನಮ್ಮ ಹುಡುಗನ ಮನಸ್ಸು ಕರಗಿದರೆ ಅದು ಸಂತೋಷಪಡತಕ್ಕ ವಿಷಯ. ಭಾಷೆ ತಿಳಿಯದವರ ಮಾತಿಗೆ ಕರಗಿತೆಂಬುದು ಮತ್ತೂ ಹೆಚ್ಚಿನದು.

ಎರಡನೆಯ ಆಕ್ಷೇಪ ಹಣದ್ದು, ಮತ್ತು ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬಲ ಹೆಚ್ಚು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪವನ್ನೂ ಮನೆಬಾಗಿಲಿಗೆ ಬಂದು ಒಯ್ದು ಕೂಡಿಸುತ್ತಿದ್ದರು. ಅಂಥ ಊರಿನಲ್ಲಿ ದಿನದಿನದ ಪುಡಿಕಾಸು ಪ್ಲಾಸ್ಟಿಕ್ಕಿನ ಗೊಂಬೆಯಾಗುವುದನ್ನು ನೋಡಿ ಅಜ್ಜನು ನಿಟ್ಟುಸಿರು ಬಿಟ್ಟರೆ ಆಶ್ಚರ್ಯವಿಲ್ಲ. ಆದರೂ ಕೂಡಿಡುವುದೇ ಸದ್ಗುಣ, ಕೊಳ್ಳುವುದೇ ದುರ್ಗುಣ ಎಂದು ತೀರ್ಮಾನಿಸುವುದು ಅವಸರದ ಮಾತು. ಠೇವಣಿಯ ಪುಸ್ತಕವನ್ನು ದಿನಕ್ಕೆ ಮೂರು ಬಾರಿ ತೆಗೆದು ನೋಡುವವರನ್ನು ಕಾಣದವರಾರು?

ಇಲ್ಲಿ ಕಾರ್ಕಳದ ಬೆಟ್ಟದ ಕಡೆಗೆ ನೋಡುವುದು ಉಚಿತ. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಬಾಹುಬಲಿಯು ಅಲ್ಲಿ ಸುಮಾರು 42 ಅಡಿ ಎತ್ತರಕ್ಕೆ ನಿಂತಿರುವನು. ಏನನ್ನೂ ಇಟ್ಟುಕೊಳ್ಳದವನ ಪ್ರತಿಮೆಯೇ ಈ ಸೀಮೆಯ ಅತಿ ದೊಡ್ಡ ಪ್ರತಿಮೆಗಳಲ್ಲಿ ಒಂದಾಗಿರುವುದು ಯೋಚಿಸತಕ್ಕ ಸಂಗತಿ. ಜೈನಾಚಾರ್ಯರ ಮತದಲ್ಲಿ ಪರಿಗ್ರಹವು ವಸ್ತುವಿನಲ್ಲಿಲ್ಲ. ವಸ್ತುವನ್ನು ಕುರಿತು ಮನಸ್ಸಿಗೆ ಕವಿಯುವ ಮೂರ್ಛೆಯಲ್ಲಿದೆ. ಬಾಹುಬಲಿಯ ಕಥೆಯೇ ಇದಕ್ಕೆ ಸಾಕ್ಷಿ. ಗೆದ್ದ ರಾಜ್ಯವನ್ನು ಬಿಟ್ಟನು, ಬಟ್ಟೆಯನ್ನೂ ಬಿಟ್ಟನು, ಬಳ್ಳಿಗಳು ಮೈಗೆ ಹಬ್ಬುವವರೆಗೆ ಕದಲದೆ ನಿಂತನು. ಆದರೂ ತಾನು ನಿಂತಿರುವ ನೆಲ ಭರತನದು ಎಂಬ ಒಂದು ಎಣಿಕೆ ಒಳಗೆ ಉಳಿದಿತ್ತಂತೆ, ಅದು ಹೋಗುವವರೆಗೆ ಕೇವಲಜ್ಞಾನ ದೊರೆಯಲಿಲ್ಲವಂತೆ. ಬರಿಗೈಯವನಿಗೂ ಪರಿಗ್ರಹ ಉಂಟಾದರೆ, ಕಪಾಟು ತುಂಬ ಗೊಂಬೆಗಳುಳ್ಳವನು ಅದರಿಂದ ಮುಕ್ತನಾಗಿರುವುದೂ ಸಾಧ್ಯವೇ. ಆದಕಾರಣ ಗೊಂಬೆಗಳನ್ನು ಎಣಿಸಿ ತೀರ್ಪುಕೊಡುವುದು ನಿಷ್ಫಲ.

ಹಾಗಾದರೆ ಮೂರ್ಛೆಯು ಎಲ್ಲಿಂದ ಬರುವುದು? ಅದು ಗೊಂಬೆಯಿಂದ ಬರುವುದಿಲ್ಲ, ಮುಚ್ಚಿದ ಪೆಟ್ಟಿಗೆಯಿಂದ ಬರುವುದು ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡಬಹುದು. ಒಂದು ಸರಣಿಯಲ್ಲಿ 12 ಗೊಂಬೆಗಳಿದ್ದು, ಒಂದೊಂದು ಪೆಟ್ಟಿಗೆಯಲ್ಲೂ ಅವುಗಳಲ್ಲಿ ಯಾವುದೇ ಒಂದು ಸಮಾನ ಸಂಭವದಿಂದ ಇರುವುದೆಂದು ಇಟ್ಟುಕೊಳ್ಳಿ. ಮೊದಲ 6 ಬೇರೆಬೇರೆ ಗೊಂಬೆಗಳು ಸರಾಸರಿ 8 ಪೆಟ್ಟಿಗೆಗಳೊಳಗೆ ಕೈಸೇರುವುವು. ಹನ್ನೆರಡೂ ಸೇರಬೇಕಾದರೆ ಸರಾಸರಿ 37 ಪೆಟ್ಟಿಗೆಗಳು ಬೇಕು. ಕಡೆಯದೊಂದಕ್ಕೇ 12. ಅಂದರೆ ಅರ್ಧ ದಾರಿಯವರೆಗೆ ಅಗ್ಗವಾಗಿಯೇ ನಡೆಸಿಕೊಂಡುಬಂದು, ಹಿಂದಿರುಗಲು ಮನಸ್ಸಾಗದ ಸ್ಥಳದಲ್ಲಿ ಬೆಲೆಯನ್ನು ಏರಿಸುವರು. ‘ಅಪೂರ್ವ’ವೆಂದು ಹೇಳಿ ಒಂದು ಗೊಂಬೆಯನ್ನು ಬೇಕೆಂದೇ ಕಡಮೆ ತುಂಬಿದರಂತೂ ಈ ಲೆಕ್ಕವೂ ಮೀರಿತು. ಇಲ್ಲಿ ಮಾರಾಟವಾಗುತ್ತಿರುವುದು ಇಲ್ಲದಿರುವ ಗೊಂಬೆ. ಕಪಾಟಿನ ಸಾಲಿನಲ್ಲಿ ಬಿಟ್ಟಿರುವ ಒಂದು ಬೆರಳಗಲದ ಎಡೆ. ಪಾತ್ರವನ್ನು ಪ್ರೀತಿಸಿದವನಿಗೆ ಅದರ ಒಂದು ಪ್ರತಿಮೆ ಸಾಕಾಗಿತ್ತು. ಆ ಪ್ರೀತಿಯನ್ನು ಹಿಡಿದು ಎಳೆದು, ತನಗೆ ಪ್ರಿಯವಲ್ಲದ ಹನ್ನೊಂದು ಪಾತ್ರಗಳಿಗೂ ಅವನು ಹಣ ತೆರುವಂತೆ ಮಾಡಿದ್ದಾರೆ.

ಕರ್ಣಾಟಕ ಸರಕಾರವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ದಿನಗೂಲಿಯ ಹಣ ಚೀಟಿಯಾಗಿ ಹಾರಿಹೋಗುವುದನ್ನು ಕಂಡವರೆಲ್ಲ ಅದನ್ನು ಮೆಚ್ಚಿದರು. ಮುಚ್ಚಿದ ಪೆಟ್ಟಿಗೆಯವರು, ‘ನಮ್ಮಲ್ಲಿ ಸೋತವರಿಲ್ಲ, ಎಲ್ಲರಿಗೂ ಗೊಂಬೆ ಸಿಕ್ಕಿಯೇ ಸಿಗುವುದು’ ಎನ್ನಬಹುದು. ಸಿಕ್ಕುವುದು ನಿಜ. ಹದಿಮೂರು ವರ್ಷದ ಹುಡುಗಿಗೆ ಅದೇ ಗೊಂಬೆ ಮೂರನೆಯ ಬಾರಿ ಸಿಕ್ಕಿದಾಗ ಅದು ಗೆಲವೋ ಸೋಲೋ ಎಂಬುದನ್ನು ಅವಳ ಮುಖವನ್ನು ನೋಡಿ ನಿರ್ಣಯಿಸಬೇಕು.

ಸಂಗ್ರಹವೆಂಬುದನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ಕೆಡವುತ್ತಿದ್ದ ಹಳೆಯ ಮನೆಗಳ ಕಂಬ ಬಾಗಿಲುಗಳನ್ನು ಬೇಡಿ ತಂದು ಮಣಿಪಾಲದಲ್ಲಿ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಟ್ಟಿದ ವಿಜಯನಾಥ ಶೆಣೈಯವರು 2017ರಲ್ಲಿ ತೀರಿಕೊಂಡರು. ಅವರು ಕೂಡಿಸಿದುದನ್ನು ಯಾರಾದರೂ ಹೋಗಿ ನೋಡಬಹುದು. ಅವರ ಕೆಲಸಕ್ಕೆ ಪೂರ್ಣವಾಗತಕ್ಕ ಸರಣಿಯೊಂದಿರಲಿಲ್ಲ, ಅದನ್ನು ಯಾರೂ ಮೊದಲೇ ಎಣಿಸಿ ಪೆಟ್ಟಿಗೆಯಲ್ಲಿ ತುಂಬಿಟ್ಟಿರಲಿಲ್ಲ.

ಪಾತ್ರವನ್ನು ಪ್ರೀತಿಸುವವನಿಗೆ ಕೊಳ್ಳುವುದೊಂದೇ ದಾರಿಯೂ ಅಲ್ಲ. ಬಯಲಾಟ ನೋಡಿ ಬಂದ ಹುಡುಗರು ಮರುದಿನ ಅಡಿಕೆಯ ಹಾಳೆಯಿಂದ ಕಿರೀಟ ಕತ್ತರಿಸಿ, ಮಸಿಯಿಂದ ಮೀಸೆ ಬರೆದು ತಾವೇ ಕುಣಿಯುತ್ತಿದ್ದರು. ಇಂದಿನ ಕಾಲೇಜಿನ ತರುಣರಲ್ಲಿಯೂ ಆನಿಮೆಯ ಪಾತ್ರಗಳ ಚಿತ್ರ ಬರೆಯುವವರುಂಟು, ಉಡುಪನ್ನು ಹೊಲಿದು ವೇಷ ಕಟ್ಟುವವರುಂಟು; ಅವರಿಗೂ ಆ ಹುಡುಗರಿಗೂ ನಂಟು ಹತ್ತಿರದ್ದು. ಅಷ್ಟಮಿಯ ವೇಷಗಳ ಊರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಡುಪಿಗೂ ಕಾಪುವಿಗೂ ನಡುವಣ ಕಟಪಾಡಿಯ ರವಿಯವರು, ಕೂಲಿಕೆಲಸ ಮಾಡಿ ಬಾಳುವವರು, ಅಷ್ಟಮಿಯಲ್ಲಿ ಪಾಶ್ಚಾತ್ಯ ಚಲಚ್ಚಿತ್ರಗಳ ವಿಚಿತ್ರ ಪ್ರಾಣಿಗಳ ವೇಷ ಹಾಕಿ, ಬಂದ ಹಣವನ್ನು ರೋಗಪೀಡಿತರಾದ ಮಕ್ಕಳ ಚಿಕಿತ್ಸೆಗೆ ಕೊಟ್ಟರು. ಅವರು ತೊಟ್ಟ ಪಾತ್ರಗಳೂ ಪರದೇಶದವೇ, ಎಂದೂ ಬಾಳದವೇ.

ಮಕ್ಕಳ ಮೇಜಿನ ಮುಂದೆ ನಿಂತು ಏನು ಹೇಳಬೇಕೆಂದು ಕೇಳುವ ತಂದೆತಾಯಿಗಳಿಗೆ ಒಂದು ಸೂಚನೆ. ಬೆಲೆಯನ್ನು ಆಮೇಲೆ ಕೇಳಬಹುದು. ಮೊದಲು ಒಂದು ಗೊಂಬೆಯನ್ನೆತ್ತಿಕೊಂಡು, ‘ಇವನಾರು, ಏನು ಮಾಡಿದನು?’ ಎಂದು ಕೇಳಿರಿ. ಮಗು ಕಥೆಯನ್ನು ಹೇಳತೊಡಗಿದರೆ ಕುಳಿತುಕೊಳ್ಳಿರಿ. ಬಹುಶಃ ಅಡಿಗೆ ಆರಿಹೋಗುವಷ್ಟು ಹೊತ್ತು ಹಿಡಿಯುವುದು. ‘ಇದು ಏಳನೆಯದು, ಒಂಬತ್ತನೆಯದು ಇನ್ನೂ ಸಿಕ್ಕಿಲ್ಲ’ ಎಂದಷ್ಟೇ ಉತ್ತರ ಬಂದರೆ, ಮೇಲೆ ಹೇಳಿದ 37ರ ಲೆಕ್ಕವನ್ನು ಒಂದು ಕಾಗದದ ಮೇಲೆ ಅದರ ಕೈಯಿಂದಲೇ ಮಾಡಿಸಿರಿ. ಲೆಕ್ಕ ಕಷ್ಟದ್ದಲ್ಲ, ಹೈಸ್ಕೂಲಿನ ಭಿನ್ನರಾಶಿಯಷ್ಟು ಬಂದರೆ ಆಯಿತು.