ಸಂಕಮ್ಮನ ಸಾಲಷ್ಟೇ ಸಾಕಾ?

ಡೇಟಾ ಜೊತೆ ಏಗೋರಿಗೆ ಗೊತ್ತು: 20 ಜಿಬಿ ಫೈಲಿದೆ ಅಂತ ಅಷ್ಟನ್ನೂ ಮೆಮೊರಿಗೆ ಸುರಿದುಕೊಳ್ಳೋದು ದಡ್ಡತನ. ಜೇಸನ್ ಫೈಲಾದರೆ ಒಂದು ಹೆಸರು ಹುಡುಕೋಕೂ ಸಾಮಾನ್ಯವಾಗಿ ಮೊದಲಿಂದ ಓದಿಕೊಂಡು ಬರಬೇಕು. ಪಾರ್ಕೆ ಫೈಲು ಹಾಗಲ್ಲ. ಯಾವ ಕಾಲಮ್ಮು ಎಲ್ಲಿದೆ ಅನ್ನೋದು ಅದರ ಬಾಲದಲ್ಲೇ ಬರೆದಿರುತ್ತೆ. ಬಾಲ ನೋಡು, ಬೇಕಾದಲ್ಲಿಗೆ ಹಾರು, ಅಷ್ಟನ್ನೇ ಎತ್ಕೋ. ಇದರ ಹೆಸರು ಲೇಜಿ ಲೋಡಿಂಗ್. ಸೋಮಾರಿತನಕ್ಕೆ ಇಷ್ಟು ಮರ್ಯಾದೆ ಕೊಡೋ ಕಸುಬು ಇನ್ನೊಂದಿರಲಿಕ್ಕಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಈ ಉಪಾಯ ಹೊಸದೇನಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು ಹಾಡೋ ಮಲೆ ಮಾದೇಶ್ವರನ ಕಾವ್ಯ ಒಂದು ರಾತ್ರಿಗೆ ಮುಗಿಯೋದಲ್ಲ. ಅದು ಸಾಲುಗಳಾಗಿ ನಿಂತಿದೆ: ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ಕೇಳೋರಿಗೆ ಸಂಕಮ್ಮ ಬೇಕಂದರೆ ಸಂಕಮ್ಮನನ್ನೇ ಬಿಚ್ಚಬಹುದು.

ತಕರಾರು ಇರೋದು ಇಲ್ಲೇ. ಕಾಡಿಗೆ ಹೊರಟ ಗಂಡ ಪಾತಿವ್ರತ್ಯದ ಭಾಷೆ ಕೇಳ್ತಾನೆ, ಸಂಕಮ್ಮ ಕೊಡಲ್ಲ, ಅವನು ಹಿಂಸೆ ಕೊಡ್ತಾನೆ. ಮಾದಪ್ಪ ಅವಳ ಪರ ನಿಲ್ತಾನೆ. ಇದೊಂದೇ ಕೇಳಿದವರಿಗೆ ಮಾದಪ್ಪ ಅಂದರೆ ತಾಯಿಕರುಳು. ಕಾಳಮ್ಮನ ಸಾಲಷ್ಟೇ ಕೇಳಿ ನೋಡಿ: ಅಲ್ಲಿ ಸಿರಿವಂತೆಯೊಬ್ಬಳ ಸೊಕ್ಕು ಮುರಿಯೋಕೆ ಇದೇ ದೇವರು ಕಾಡಿಸೋ ರೀತಿಗೆ ಎದೆ ನಡುಗುತ್ತೆ. ಎರಡೂ ಸುಳ್ಳಲ್ಲ. ಆದರೆ ಒಂದನ್ನೇ ಎತ್ಕೊಂಡವನು ದೇವರ ಬಗ್ಗೆ ತೀರ್ಪು ಕೊಡೋ ಹಾಗಿಲ್ಲ. ಮನುಷ್ಯರ ವಿಷಯದಲ್ಲಿ ನಾವು ದಿನಾ ಕೊಡ್ತೀವಿ, ಅದು ಬೇರೆ ಮಾತು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ನಾನು ತೆರೆಯದ ಕಾಲಮ್ಮು ಡಿಸ್ಕಿನಲ್ಲಿ ಹಾಗೇ ಕೂತಿರುತ್ತೆ. ಹತ್ತು ವರ್ಷ ಯಾರೂ ಕೇಳದಿದ್ದರೂ ಅದಕ್ಕೆ ಬೇಜಾರಿಲ್ಲ. ಗುಡ್ಡನ ನೆನಪು ಡಿಸ್ಕಲ್ಲ. ಯಾರೂ ಕೇಳದ ಸಾಲು ನಾಲಿಗೆ ಮೇಲೆ ಸವೆಯುತ್ತೆ, ಶಿಷ್ಯನಿಗೆ ಅರ್ಧ ದಾಟುತ್ತೆ, ಅವನ ಶಿಷ್ಯನಿಗೆ ಬರೀ ಹೆಸರು. ಬಾಲ ಉಳಿದು ಫೈಲೇ ಹೋದಂತೆ. ‘ನನಗೆ ಬೇಕಾದಷ್ಟು ಸಾಕು’ ಅನ್ನೋದು ಕಂಪ್ಯೂಟರಿನ ಮುಂದೆ ಮಿತವ್ಯಯ. ಹಾಡುಗಾರನ ಮುಂದೆ ಎಲ್ಲರೂ ಅದನ್ನೇ ಅಂದರೆ, ಯಾರದೂ ತಪ್ಪಿಲ್ಲದೆ, ಒಂದು ಸಾಲು ಅಳಿಸಿಹೋಗುತ್ತೆ.

ಪಿ.ಕೆ. ರಾಜಶೇಖರ ಅವರಂಥವರು ಈ ಕಾವ್ಯವನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ, ನಿಜ. ಆದರೆ ಅಚ್ಚಿನಲ್ಲಿ ಮಾತಿದೆ. ದಾಟಿ, ಕಂಸಾಳೆಯ ಪೆಟ್ಟು, ಎಲ್ಲಿ ಉಸಿರು ಹಿಡೀಬೇಕು ಅನ್ನೋದು ಗಂಟಲಲ್ಲೇ ಇರೋದು. ಗುಡ್ಡರನ್ನು ಕರೆಸಿ ಇಕ್ಕೇರಿ ದೇವಮ್ಮನ ಸಾಲು ಪೂರ್ತಿ ಹಾಡಿಸೋಣ ಅಂದರೆ ಆಫೀಸಿನ ಗೆಳೆಯರು ಕೇಳೋದು ಒಂದೇ: ‘ಎಷ್ಟು ಹೊತ್ತಾಗುತ್ತೆ?’ ಬೆಳಗಾಗುತ್ತೆ ಮಾರಾಯ.